ಮರದ ಮೇಲಿನ ಕೋತಿಕಬ್ಬು

ಜಿಂಬಾಬ್ವೆಯ ಕುರುಚಲು ಕಾಡಿನಲ್ಲಿ ತಲೆಯೆತ್ತಿದರೆ, ಮರದ ಕವಲಿನಲ್ಲಿ ದೊಡ್ಡ ಹಕ್ಕಿಯೊಂದು ಗೂಡು ಕಟ್ಟಿದಂತೆ ಕಾಣುತ್ತದೆ. ಅದು ಗೂಡಲ್ಲ, ಅನ್ಸೆಲಿಯಾ ಆಫ್ರಿಕಾನಾ ಎಂಬ ಆರ್ಕಿಡ್. ಹಳದಿ ಎಸಳುಗಳ ತುಂಬ ಕಂದು ಚುಕ್ಕೆ ಇರುವುದರಿಂದ ಚಿರತೆ ಆರ್ಕಿಡ್ ಎಂದೂ ಕರೆಯುತ್ತಾರೆ. ಜುಲು ಜನರ ಕಣ್ಣು ಹೋದದ್ದು ಹೂವಿನತ್ತ ಅಲ್ಲ, ಗಿಣ್ಣು ಗಿಣ್ಣಾದ ಕಾಂಡದತ್ತ. ಅವರಿಗೆ ಇದು ‘ಇಮ್ಫೆ ಯೆಂಕಾವು’, ಕೋತಿಯ ಕಬ್ಬು. ನನಗೆ ಈ ಹೆಸರೇ ಹೆಚ್ಚು ಇಷ್ಟ. ಅನ್ಸೆಲಿಯಾ ಎಂಬುದು 1841ರ ನೈಜರ್ ನದಿ ಯಾತ್ರೆಯಲ್ಲಿದ್ದ ತೋಟಗಾರ ಜಾನ್ ಅನ್ಸೆಲ್‌ನ ನೆನಪು.

ಗೂಡಿನಂತೆ ಕಾಣುವುದು ಅದರ ಬೇರು. ಕೆಲವು ಬೇರುಗಳು ತೊಗಟೆಯನ್ನು ಅಪ್ಪಿಕೊಂಡರೆ, ಉಳಿದವು ಸೂಜಿಯಂತೆ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತವೆ. ಮೇಲಿನಿಂದ ಉದುರಿದ ತರಗೆಲೆ ಅವುಗಳ ನಡುವೆ ಸಿಕ್ಕಿ ಕೊಳೆತು ಗೊಬ್ಬರವಾಗುತ್ತದೆ. ನಮ್ಮ ಸೀತಾಳೆ ದಂಡೆಯ ಹಾಗೆ ಇದಕ್ಕೂ ಮರ ಬರೀ ಆಸರೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ.

ಸಾಕುವವರು ಮೊದಲು ನೋಡಬೇಕಾದದ್ದೂ ಈ ಬೇರನ್ನೇ. ಕುಂಡದಲ್ಲಿ ಬೇರು ಮೇಲಕ್ಕೆದ್ದರೆ ಹಲವರು ಗಾಬರಿಯಾಗಿ ಕತ್ತರಿಸುತ್ತಾರೆ, ಇಲ್ಲವೇ ಒಳಗೆ ಒತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಣ್ಣೂ ಬೇಡ, ದಪ್ಪ ತೊಗಟೆ ಚೂರು, ಇದ್ದಿಲು ಸಾಕು. ಕಾಂಡ ಎತ್ತರಕ್ಕೆ ಬೆಳೆದು ಗಿಡ ವಾಲುವುದರಿಂದ ಭಾರದ ಮಣ್ಣಿನ ಕುಂಡವೇ ಒಳ್ಳೆಯದು. ಬೆಳಕು ಧಾರಾಳವಾಗಿರಲಿ, ನಡುಹಗಲಿನ ಸುಡುಬಿಸಿಲಿಗೆ ಮಾತ್ರ ತೆಳು ನೆರಳು. ಕತ್ತಲ ಮೂಲೆಯಲ್ಲಿಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಹೊಸ ಚಿಗುರು ಏಳುವಾಗ ಚೆನ್ನಾಗಿ ನೀರು, ಜೊತೆಗೆ ತೀರಾ ತೆಳುವಾದ ಗೊಬ್ಬರದ ನೀರು. ಕಾಂಡ ಬಲಿತ ಮೇಲೆ ಕೈ ಬಿಗಿಹಿಡಿಯಬೇಕು. ತವರಿನಲ್ಲಿ ತಿಂಗಳುಗಟ್ಟಲೆ ಒಣಹವೆ ಕಂಡ ಗಿಡ ಅದು. ಆ ಬಿಡುವು ಸಿಕ್ಕರೇ ಹೂಗೊಂಚಲು. ಎಲೆ ಕಳಚಿದ ಹಳೆಯ ಕಾಂಡವನ್ನೂ ಕೀಳಬಾರದು, ಗಿಡ ನೀರು, ಆಹಾರ ಎರಡನ್ನೂ ಅದರಲ್ಲೇ ಕೂಡಿಟ್ಟಿರುತ್ತದೆ.

ಆಫ್ರಿಕಾದಲ್ಲಿ ಇದ್ದಿಲಿಗಾಗಿ ಮರ ಉರುಳಿದಾಗ ಈ ಗಿಡವೂ ಉರುಳುತ್ತದೆ. ಮಾರಾಟಕ್ಕೆಂದು ಕಿತ್ತೊಯ್ಯುವವರು ಬೇರೆ. ಮರದ ಮೇಲಿನ ದೊಡ್ಡ ಹಿಂಡಿಲಿನ ಹಿಂದೆ ಹಲವು ದಶಕಗಳ ಬೆಳವಣಿಗೆಯಿದೆ. ಕೊಳ್ಳುವುದಾದರೆ ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಸಣ್ಣ ಸಸಿಯನ್ನೇ ಕೊಳ್ಳಿ. ಮೊದಲ ಹೂವಿಗೆ ಕೆಲವು ವರ್ಷ ಕಾಯಬೇಕಾಗುತ್ತದೆ, ಕಾಯಿರಿ.