ಪೂರ್ವ ಲಾಸ್ ಏಂಜಲೀಸಿನ ತಾಯಂದಿರು

ಬಡವರಿಗೆ ಮಿತವ್ಯಯವನ್ನು ಬೋಧಿಸಲು ಹೊರಡುವ ಪಂಡಿತರಿಗೆ ಯಾವ ದೇಶದಲ್ಲಿಯೂ ಕೊರತೆಯಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವ ಲ್ಯಾಟಿನೋ ಜನರಿಗೆ ಪರಿಸರದ ಪಾಠವನ್ನು ಮೊದಲಿನಿಂದ ಕಲಿಸಬೇಕೆನ್ನುವವರನ್ನು ಕಂಡಾಗ ನಮಗೆ ನಗೆಯೂ ಖೇದವೂ ಒಟ್ಟಿಗೇ ಉಂಟಾಗುತ್ತವೆ. ಇವರೆಲ್ಲರೂ ಹೊರಗಿನಿಂದ ಬಂದವರೆಂದು ತಿಳಿಯುವುದೂ ತಪ್ಪು. ೧೮೪೮ರವರೆಗೆ ಕ್ಯಾಲಿಫೋರ್ನಿಯಾದ ನೆಲವೇ ಮೆಕ್ಸಿಕೋ ದೇಶದ್ದಾಗಿದ್ದಿತು.

ಅವರ ಮನೆಗಳಲ್ಲಿ ನಿನ್ನೆಯ ಒಣಗಿದ ಮೆಕ್ಕೆಜೋಳದ ರೊಟ್ಟಿಯು ಮರುದಿನ ಮೆಣಸಿನಕಾಯಿಯ ಸಾರಿನಲ್ಲಿ ಬೆಂದು ಚಿಲಕೀಲೆಸ್ ಎಂಬ ತಿಂಡಿಯಾಗುತ್ತದೆ. ಬಿಸ್ಕತ್ತಿನ ತಗಡಿನ ಡಬ್ಬಿ ಸೂಜಿದಾರದ ಪೆಟ್ಟಿಗೆಯಾಗುತ್ತದೆ. ಹರಿದ ಅಂಗಿಯು ನೆಲವೊರಸುವ ಅರಿವೆಯಾಗುತ್ತದೆ. ಕೌದಿಯನ್ನು ಹೊದೆದು ಬೆಳೆದ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಇದು ಬಡತನದ ಫಲವೇ ಹೊರತು ವಿವೇಕವಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಬಡತನವು ಕಲಿಸಿದುದು ವಿದ್ಯೆಯಲ್ಲವೆಂದು ಹೇಳಿದವರಾರು? ಶಾಲೆಯ ಉಪಾಧ್ಯಾಯರು ತಮ್ಮ ಪಾಠವನ್ನು ಆ ಅಜ್ಜಿಯ ಡಬ್ಬಿಯಿಂದ ಆರಂಭಿಸಲಿ ಎಂಬುದೇ ನಮ್ಮ ಮತ.

ಕಸವನ್ನು ಕಡಿಮೆ ಮಾಡುವ ಈ ಜನರ ಬಾಗಿಲಿಗೇ ಊರವರ ವಿಷವನ್ನು ತಂದು ಸುಡುವ ಯತ್ನವು ನಡೆದುದನ್ನು ಇಲ್ಲಿ ಹೇಳಲೇಬೇಕು. ೧೯೮೪ರಲ್ಲಿ ಕ್ಯಾಲಿಫೋರ್ನಿಯಾದ ತ್ಯಾಜ್ಯ ಮಂಡಲಿಗಾಗಿ ಸೆರೆಲ್ ಅಸೋಸಿಯೇಟ್ಸ್ ಎಂಬ ಸಲಹೆಗಾರ ಸಂಸ್ಥೆಯು ಒಂದು ವರದಿಯನ್ನು ಸಿದ್ಧಪಡಿಸಿತು. ಕಸ ಸುಡುವ ಸ್ಥಾವರಗಳಿಗೆ ಯಾರು ಹೆಚ್ಚು ಅಡ್ಡಿಮಾಡಲಾರರು? ವರಮಾನ ಕಡಿಮೆಯಿರುವವರು, ಹೆಚ್ಚು ಓದದವರು, ವಯಸ್ಸಾದವರು, ಕ್ಯಾಥೊಲಿಕರು! ಇಷ್ಟು ನಿರ್ಲಜ್ಜೆಯಿಂದ ಬರೆದ ಸರಕಾರಿ ಕಾಗದವನ್ನು ನಾವು ಹೆಚ್ಚಾಗಿ ಕಂಡಿಲ್ಲ. ಪೂರ್ವ ಲಾಸ್ ಏಂಜಲೀಸಿನ ಮಗ್ಗುಲಲ್ಲಿರುವ ವರ್ನನ್ ಎಂಬಲ್ಲಿ ಆ ದಶಕದಲ್ಲಿಯೇ ವರ್ಷಕ್ಕೆ ಸುಮಾರು ೨೨,೫೦೦ ಟನ್ನು ಅಪಾಯಕರ ತ್ಯಾಜ್ಯವನ್ನು ದಹಿಸುವ ಕಾರ್ಖಾನೆಯ ಯೋಜನೆಯು ತಲೆಯೆತ್ತಿತು.

ಆದರೆ ಲೆಕ್ಕವು ತಪ್ಪಿತು. ನೆರೆಯಲ್ಲಿ ಸೆರೆಮನೆಯನ್ನು ಕಟ್ಟಕೂಡದೆಂದು ಮೊದಲೇ ಕೂಡಿದ್ದ ಸ್ತ್ರೀಯರು 'ಪೂರ್ವ ಲಾಸ್ ಏಂಜಲೀಸಿನ ತಾಯಂದಿರು' ಎಂಬ ಹೆಸರಿನಿಂದ ಎದ್ದು ನಿಂತರು. ತಲೆಗೆ ಬಿಳಿಯ ವಸ್ತ್ರವನ್ನು ಕಟ್ಟಿ ಮೆರವಣಿಗೆ ಹೊರಟರು; ಚರ್ಚಿನಲ್ಲಿ ಪೂಜೆ ಮುಗಿದೊಡನೆ ಕರಪತ್ರಗಳನ್ನು ಹಂಚಿದರು. ಯಾವ ಮತಶ್ರದ್ಧೆಯು ಇವರನ್ನು ಮೌನವಾಗಿಸುವುದೆಂದು ವರದಿಯು ನಂಬಿತ್ತೋ ಆ ಶ್ರದ್ಧೆಯೇ ಇವರ ಸಭಾಮಂದಿರವಾಯಿತು. ಪರಿಸರದ ಪರಿಣಾಮವನ್ನು ಪರೀಕ್ಷಿಸದೆ ಕಾರ್ಖಾನೆ ಕೂಡದೆಂದು ನ್ಯಾಯಾಲಯದಲ್ಲಿಯೂ ವ್ಯಾಜ್ಯ ನಡೆಯಿತು. ೧೯೯೧ರಲ್ಲಿ ಕಂಪೆನಿಯು ಯೋಜನೆಯನ್ನು ಕೈಬಿಟ್ಟಿತು.

ಗೆದ್ದ ಮೇಲೆ ಮನೆಗೆ ಹೋಗಿ ಕುಳಿತಿದ್ದರೆ ನಾವು ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ೧೯೮೭ರಿಂದ ೧೯೯೨ರವರೆಗೆ ಕ್ಯಾಲಿಫೋರ್ನಿಯಾವನ್ನು ಬರವು ಕಾಡಿತು. ತೊಳೆಯುವಾಗಲೊಮ್ಮೆ ೩.೫ ಗ್ಯಾಲನ್ ಅಥವಾ ಅದಕ್ಕಿಂತ ಹೆಚ್ಚು ನೀರನ್ನು ನುಂಗುತ್ತಿದ್ದ ಹಳೆಯ ಶೌಚಪಾತ್ರೆಗಳಿಗೆ ಬದಲಾಗಿ ೧.೬ ಗ್ಯಾಲನ್ ಸಾಕಾಗುವ ಹೊಸವನ್ನು ಈ ತಾಯಂದಿರು ನೆರೆಹೊರೆಯವರಿಗೆ ಬೆಲೆಯಿಲ್ಲದೆ ಒದಗಿಸಿದರು. ನೀರಿನ ಇಲಾಖೆಯ ಪ್ರಕಟಣೆಗೆ ತೆರೆಯದ ಬಾಗಿಲು ಪರಿಚಯದ ನೆರೆಯವಳ ಸ್ಪ್ಯಾನಿಷ್ ಮಾತಿಗೆ ತೆರೆಯಿತು. ಕೆಲಸವು ಕೇರಿಯವರಿಗೇ ದೊರೆಯಿತು. ಬಂದ ಹಣವು ವಿದ್ಯಾರ್ಥಿವೇತನಗಳಿಗೂ ಮಕ್ಕಳ ಆರೋಗ್ಯಕ್ಕೂ ವಿನಿಯೋಗವಾಯಿತು.