ದೊಡ್ಡ ಸ್ಕೂಟರ್, ದೂರದ ದಾರಿ

ಸ್ಕೂಟರಿನಲ್ಲಿ ದೇಶ ಸುತ್ತಬಹುದಾ? ಸುಝುಕಿ ಬರ್ಗ್‌ಮನ್ 650 ನೋಡಿ. 638 ಸಿಸಿ, ಎರಡು ಸಿಲಿಂಡರ್. ಅಮೆರಿಕ, ಯೂರೋಪಿನ ಹೆದ್ದಾರಿಗಳಲ್ಲಿ ಇದನ್ನೇ ನಂಬಿ ಸಾವಿರಾರು ಕಿಲೋಮೀಟರ್ ಹೋಗಿಬರುವವರಿದ್ದಾರೆ. ನಮ್ಮ ಬರ್ಗ್‌ಮನ್ ಸ್ಟ್ರೀಟ್ 125 ಸಿಸಿ ಗಾಡಿ; ಇದು ಬೇರೆಯೇ.

ಮೊದಲು ಲಗೇಜು. ಸೀಟಿನ ಕೆಳಗೆ ಎರಡು ಹೆಲ್ಮೆಟ್ ಹಿಡಿಸುವಷ್ಟು ಜಾಗ ಇದೆ. ಟೂಲ್ಸ್, ಪಂಕ್ಚರ್ ಕಿಟ್, ಗಾಳಿ ಪಂಪು, ಭಾರದ್ದೆಲ್ಲ ಅಲ್ಲೇ ಇರಲಿ. ಟಾಪ್ ಬಾಕ್ಸಿಗೆ ಬಟ್ಟೆ, ರೇನ್‌ಕೋಟು ಸಾಕು. ಆ ಬಾಕ್ಸು ಹಿಂದಿನ ಚಕ್ರಕ್ಕಿಂತ ಆಚೆ ಚಾಚಿಕೊಂಡಿರುತ್ತದೆ. ಅಲ್ಲಿ ಭಾರ ಹೇರಿದರೆ ಮುಂದಿನ ಚಕ್ರದ ಹಿಡಿತ ಸಡಿಲವಾಗಿ, ವೇಗದಲ್ಲಿ ಹ್ಯಾಂಡಲ್ ನಡುಗಬಹುದು. ದಯವಿಟ್ಟು ಇದನ್ನು ಕಡೆಗಣಿಸಬೇಡಿ.

ಎತ್ತರದ ಗಾಜು ಹಾಕಿಸುತ್ತೀರಾ? ಅದರ ಅಂಚಿನ ಮೇಲಿಂದ ರಸ್ತೆ ಕಾಣುವಂತಿರಲಿ. ಮಳೆಯಲ್ಲಿ, ರಾತ್ರಿಯಲ್ಲಿ ಗಾಜಿನ ಮೂಲಕ ನೋಡಿ ಓಡಿಸುವುದು ಕಷ್ಟ.

ಈಗ ಬೆಲ್ಟು. ಇಂಥ ಸ್ಕೂಟರುಗಳಲ್ಲಿ ಎಂಜಿನ್ನಿನ ಬಲ ಸಾಗುವುದು ಎರಡು ಪುಲ್ಲಿಗಳ ನಡುವಿನ ಬೆಲ್ಟಿನಿಂದ. ಪುಲ್ಲಿ ಹಿಗ್ಗಿ ಕುಗ್ಗಿದಂತೆ ಗೇರ್ ಬದಲಾಗುತ್ತದೆ. ಬಹುತೇಕ ಸ್ಕೂಟರುಗಳಲ್ಲಿ ಈ ಬೆಲ್ಟು ಸವೆಯುತ್ತದೆ. ಕೈಪಿಡಿ ಹೇಳಿದ ಕಿಲೋಮೀಟರಿಗೆ ಬದಲಿಸಲೇಬೇಕು. ದೂರದೂರಿನಲ್ಲಿ ತುಂಡಾದರೆ ಗಾಡಿ ಅಲ್ಲೇ ನಿಂತಂತೆ. 650ರಲ್ಲಿ ಪುಲ್ಲಿಯನ್ನು ಸರಿಸುವುದು ವಿದ್ಯುತ್ ಮೋಟರು, ಹಾಗಾಗಿ ಬ್ಯಾಟರಿ ಗಟ್ಟಿಯಿರಬೇಕು. ಹಿಂದಿನ ಚಕ್ರಕ್ಕೆ ಚೈನಿಲ್ಲ, ಗೇರುಗಳ ಸಾಲಿದೆ. ಅದರ ಆಯಿಲ್ ಬೇರೆ. ಎಂಜಿನ್ ಆಯಿಲ್ ಮಾತ್ರ ಬದಲಿಸಿ ಹೊರಡುವವರು ಇದನ್ನೇ ಮರೆಯುತ್ತಾರೆ.

ಟಯರ್ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ ನೋಡಿ. ಬಿಸಿಯಾದ ಮೇಲೆ ಒತ್ತಡ ಹೆಚ್ಚೇ ತೋರಿಸುತ್ತದೆ.