ಅಂಗೈಗೊಂದು ಪಿಸ್ತೂಲು

ಹಾಸನದ ಓದುಗರೊಬ್ಬರು ಬರೆದಿದ್ದಾರೆ. ಕಾಲೇಜಿನ ಎನ್‌ಸಿಸಿಯಲ್ಲಿ ಗುರಿಕಾರ ಎಂದು ಹೆಸರು ಮಾಡಿದ್ದರಂತೆ. ನೌಕರಿ, ಮದುವೆ, ಮನೆ ಸಾಲ ಅನ್ನುತ್ತಾ ಮೂವತ್ತು ವರ್ಷ ಕಳೆದು, ಈಗ 52ನೇ ವಯಸ್ಸಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಹುಚ್ಚು ಹತ್ತಿದೆ. ‘ನನ್ನ ಕೈ ಅಳತೆಗೇ ಪಿಸ್ತೂಲು ಮಾಡಿಸಬೇಕು ಅನ್ನುತ್ತಾರೆ. ಇದು ದುಡ್ಡು ಕೀಳುವ ಉಪಾಯವಲ್ಲವೇ? ಪ್ಯಾರಿಸ್‌ನಲ್ಲಿ ಆ ಟರ್ಕಿಯ ಮನುಷ್ಯ ಏನೂ ಇಲ್ಲದೆ, ಜೇಬಿನಲ್ಲಿ ಕೈ ಇಟ್ಟುಕೊಂಡೇ ಬೆಳ್ಳಿ ಹೊಡೆಯಲಿಲ್ಲವೇ?’

ಮೊದಲು ಆ ಮನುಷ್ಯನ ವಿಚಾರ ಮುಗಿಸೋಣ. 2024ರ ಒಲಿಂಪಿಕ್ಸ್‌ನ ಮಿಶ್ರ ತಂಡದ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಯೂಸುಫ್ ಡಿಕೆಚ್ ಕಣ್ಣಿಗೆ ವಿಶೇಷ ಮಸೂರದ ಚೌಕಟ್ಟು ಹಾಕಿರಲಿಲ್ಲ, ನಿಜ. ಆದರೆ ಮೊಬೈಲಿನಲ್ಲಿ ಅವರ ಫೋಟೊ ಕಳಿಸಿದವರು ಅವರ ಬಲಗೈಯಲ್ಲಿ ಏನಿದೆ ಎಂದು ನೋಡಲೇ ಇಲ್ಲ. ಅದು ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲು. ಇನ್ನು ಜೇಬಿನ ಕೈ. ಹೊಡೆಯುವುದು ಒಂದೇ ಕೈಯಲ್ಲಿ ಎಂಬುದು ನಿಯಮ. ಇನ್ನೊಂದು ಕೈ ತೂಗಾಡಿದರೆ ಮೈಯೂ ತೂಗುತ್ತದೆ, ಅದಕ್ಕೇ ಅದನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುವುದು ಎಲ್ಲೆಡೆ ಇರುವ ರೂಢಿ.

ಪಿಸ್ತೂಲಿನ ಒಳಗೆ ಅಂಥ ಗುಟ್ಟೇನಿಲ್ಲ. 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರು, ಒಂದು ಕವಾಟ, ಅರ್ಧ ಗ್ರಾಂ ತೂಕದ 4.5 ಮಿಮೀ ಸೀಸದ ಗುಂಡು. ಒಟ್ಟು ತೂಕ ಒಂದೂವರೆ ಕಿಲೋ ಮೀರಬಾರದು, ಟ್ರಿಗರ್ ಅರ್ಧ ಕಿಲೋಗಿಂತ ಹಗುರ ಇರಬಾರದು. ಗಮ್ಮತ್ತಿರುವುದು ಹಿಡಿಯಲ್ಲಿ.

ಅದು ತಿಳಿಯಬೇಕಾದರೆ ಸೈಟ್ ಗೊತ್ತಿರಬೇಕು. (ಬೆಂಗಳೂರಿನವರು ತಪ್ಪು ತಿಳಿಯಬಾರದು, ಇದು ಮೂವತ್ತು ನಲವತ್ತರದ್ದಲ್ಲ.) ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಕಂಬ, ಹಿಂದೆ ಒಂದು ಕಚ್ಚು. ಕಚ್ಚಿನ ನಟ್ಟನಡುವೆ ಕಂಬ ನಿಲ್ಲಬೇಕು. ಇವೆರಡರ ನಡುವಿನ ಅಂತರ ಸುಮಾರು 33 ಸೆಂಮೀ, ಗುರಿ ಇರುವುದು 10 ಮೀಟರ್ ಆಚೆ. ಅಂದರೆ ಇಲ್ಲಾದ ತಪ್ಪು ಅಲ್ಲಿಗೆ ಹೋಗುವಷ್ಟರಲ್ಲಿ ಮೂವತ್ತು ಪಟ್ಟು ಹಿಗ್ಗುತ್ತದೆ. ನಿಮ್ಮ ಕೈ ಪೂರ್ತಿಯಾಗಿ 3 ಮಿಮೀ ಪಕ್ಕಕ್ಕೆ ಸರಿಯಲಿ, ಗುಂಡೂ ಅಷ್ಟೇ ಸರಿಯುತ್ತದೆ, ಹತ್ತು ಅಂಕ ಎಲ್ಲೂ ಹೋಗುವುದಿಲ್ಲ. ಆದರೆ ಮಣಿಕಟ್ಟು ಒಂದಿಷ್ಟು ತಿರುಗಿ ಕಂಬ ಕಚ್ಚಿನ ನಡುವಿನಿಂದ 0.3 ಮಿಮೀ ಸರಿದರೆ ಗುಂಡು 9 ಮಿಮೀ ಆಚೆ ಬೀಳುತ್ತದೆ. ಹತ್ತರ ವೃತ್ತದ ವ್ಯಾಸವೇ 11.5 ಮಿಮೀ, ಹತ್ತು ಕೈಬಿಟ್ಟಿತು! 0.3 ಮಿಮೀ ಎಂದರೆ ನೋಟ್‌ಬುಕ್ಕಿನ ಮೂರು ಹಾಳೆಯ ದಪ್ಪ. ಕೈ ನಡುಗುತ್ತದೆಂದು ಹೊಸಬರು ಕೊರಗುತ್ತಾರೆ. ನಡುಕ ಒಲಿಂಪಿಕ್ ಚಾಂಪಿಯನ್ನರಿಗೂ ಇದೆ, ಅಂಕ ತಿನ್ನುವುದು ಮಣಿಕಟ್ಟು.

ಮಣಿಕಟ್ಟನ್ನು ಹಿಡಿತದಲ್ಲಿಡುವುದೇ ಹಿಡಿ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆಯಿರಿ. ಕಂಬ ತಾನಾಗಿಯೇ ಕಚ್ಚಿನ ನಡುವೆ ನಿಂತಿದ್ದರೆ ಹಿಡಿ ನಿಮ್ಮದು. ಇಲ್ಲದಿದ್ದರೆ 75 ನಿಮಿಷದಲ್ಲಿ ಹೊಡೆಯುವ 60 ಗುಂಡಿಗೂ ಸ್ನಾಯುಗಳು ಅದನ್ನು ಎಳೆದು ತಿದ್ದುತ್ತಿರಬೇಕು. ನಲವತ್ತನೆಯದರ ಹೊತ್ತಿಗೆ ಅವು ಸೋಲುತ್ತವೆ.

ಬೆಂಗಳೂರಿನ ಒಂದು ರೇಂಜಿನಲ್ಲಿ ಹುಡುಗಿಯೊಬ್ಬಳು ತನ್ನ ಕೈಗೆ ಒಪ್ಪುವಂತೆ ಹಿಡಿ ತಿದ್ದುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅಕ್ರೋಟು ಮರದ ಹಿಡಿ. ಅಂಗೈಗೆ ಮರ ತಾಗದ ಕಡೆ ಪುಟ್ಟಿ ಮೆತ್ತಿ, ಅದು ಹಸಿಯಿದ್ದಾಗಲೇ ಗಟ್ಟಿಯಾಗಿ ಹಿಡಿದಳು. ಬೆರಳುಗಳ ಗುರುತು ರೊಟ್ಟಿ ಹಿಟ್ಟಿನ ಮೇಲೆ ಮೂಡಿದಂತೆ ಮೂಡಿತು. ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ಉಜ್ಜಿದಳು, ಎತ್ತಿ ನೋಡಿದಳು, ಮತ್ತೆ ಉಜ್ಜಿದಳು. ಮಧ್ಯಾಹ್ನವೆಲ್ಲ ಇದೇ. ದುಡ್ಡು ಕೊಟ್ಟರೆ ಕೈಯ ನಕ್ಷೆ ನೋಡಿ ಕೆತ್ತಿಕೊಡುವವರೂ ಇದ್ದಾರೆ. ಹೇಗೇ ಮಾಡಿದರೂ ಮಣಿಕಟ್ಟಿಗೆ ಆಸರೆ ಕೊಡುವಂತಿಲ್ಲ, ಅಲ್ಲಿ ನಿಯಮ ಬಲು ಕಟ್ಟುನಿಟ್ಟು.

ಈ ವಯಸ್ಸಿನಲ್ಲಿ ಆದೀತೇ ಎಂದು ಅಳುಕಬೇಡಿ, ಇದಕ್ಕಿಂತ ದೊಡ್ಡ ಅಡ್ಡಿ ದಾಟಿದವರಿದ್ದಾರೆ. ಹಂಗೆರಿಯ ಕಾರೊಯ್ ಟಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಕಳೆದುಕೊಂಡರು. ಎಡಗೈಯಲ್ಲಿ ಅ ಆ ಇ ಈಯಿಂದ ಕಲಿತು 1948ರಲ್ಲೂ 1952ರಲ್ಲೂ ಒಲಿಂಪಿಕ್ ಚಿನ್ನ ಗೆದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿ, ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಿಂದ ಬೆಳ್ಳಿ ತಂದರು.

ಇನ್ನೊಂದು ವಿಷಯ ಬೈದೇ ಹೇಳಬೇಕು. ಆಯುಧಪೂಜೆಯ ದಿನ ಪಿಸ್ತೂಲಿಗೆ ಕುಂಕುಮ ಇಡುವುದಕ್ಕೆ ನನ್ನ ತಕರಾರಿಲ್ಲ, ಆದರೆ ನಳಿಗೆಯ ಬಾಯಿಗೇ ಮೆತ್ತಿದ್ದನ್ನು ಕಂಡಿದ್ದೇನೆ. ಪೂಜಾ ಸಾಮಗ್ರಿಯಲ್ಲಿ ಪಿಸ್ತೂಲಿಗೆ ಕೆಲಸಕ್ಕೆ ಬರುವುದು ಕರ್ಪೂರ ಒಂದೇ. ಹಿಂದಿನ ಗುರಿಕಾರರು ಅದನ್ನು ಉರಿಸಿ, ಬೆಳಕಿಗೆ ಹೊಳೆಯದಿರಲೆಂದು ಸೈಟಿಗೆ ಮಸಿ ಹಿಡಿಸುತ್ತಿದ್ದರು. ಅಂಕ ಕುಸಿದರೆ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ನಿವಾಳಿಸುವವರೂ ಇದ್ದಾರೆ. ಐವತ್ತು ದಾಟಿದವರ ಮಟ್ಟಿಗೆ ದೃಷ್ಟಿಯದೇ ದೋಷ ಅನ್ನುವುದು ಸರಿ, ಆದರೆ ಅದು ಅವರ ಸ್ವಂತದ್ದು!

ಹೊಡೆಯುವಾಗ ಗುರಿ ಮಸುಕಾಗಿರಬೇಕು, ಮುಂದಿನ ಕಂಬ ಮಾತ್ರ ಚೊಕ್ಕವಾಗಿ ಕಾಣಬೇಕು. ಅದು ಕಣ್ಣಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿರುತ್ತದೆ. ಪೇಪರ್ ಓದುವ ಕನ್ನಡಕಕ್ಕೆ ಅದು ದೂರವಾಯಿತು, ಬಸ್ಸಿನ ಬೋರ್ಡು ಓದುವ ಕನ್ನಡಕಕ್ಕೆ ಹತ್ತಿರವಾಯಿತು. ಆದ್ದರಿಂದ ಸ್ವಾಮಿ, ರೇಂಜಿನಲ್ಲಿ ಯಾರದ್ದಾದರೂ ಪಿಸ್ತೂಲು ಇಸಿದುಕೊಂಡು ಕೈ ಚಾಚಿ ನಿಲ್ಲಿ. ಕಣ್ಣಿನಿಂದ ಮುಂದಿನ ಸೈಟಿನವರೆಗೆ ಟೇಪಿನಲ್ಲಿ ಅಳೆಸಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅಕ್ರೋಟು ಮರ ಆಮೇಲೆ.